ಫರ್ಡಿನೆಂಡನ ದೀವಿಹಲಸಿನ ಬಲಕ್ಕೆ

ಗ್ರೆನಡಾದ ನಡುಗುಡ್ಡದಲ್ಲಿರುವ ನಮ್ಮ ಪ್ಲೆಸಾನ್ಸ್ ಊರಿಗೆ ಬಂದ ಬಸ್ಸು ಮುಂದಕ್ಕೆ ಹೋಗುವುದಿಲ್ಲ. ಅಲ್ಲಿಯೇ ತಿರುಗಿ ಪಟ್ಟಣಕ್ಕೆ ಇಳಿಯುತ್ತದೆ. ಆ ತಿರುವಿನಲ್ಲಿ ಒಂದು ತಗಡಿನ ಮಾಡು, ಮಾಡಿನ ಕೆಳಗೆ ಉದ್ದನೆಯ ಮೇಜು, ಮೇಜಿನ ಹಿಂದೆ ಅಯಾಂತಿ ಲೆಂಡೋರ್. ಅಮಟೆಕಾಯಿಯ ಶರಬತ್ತು, ಹುಣಸೆ ಉಂಡೆ, ಜಾಯಿಕಾಯಿ ಸಿಪ್ಪೆಯ ಮುರಬ್ಬ, ಬೆಳಗಿನ ಹೊತ್ತಾದರೆ ಕರಿದ ರೊಟ್ಟಿಯೊಳಗೆ ಉಪ್ಪುಮೀನು, ಇಷ್ಟು ಅವಳ ವ್ಯಾಪಾರ. ಜನ ಅವಳ ಮುಂದೆ ನಿಲ್ಲುತ್ತಿದ್ದುದಕ್ಕೆ ಬೇರೆ ಕಾರಣವಿತ್ತು. ಅಲ್ಲಿಂದ ಒಂದು ಕಾಲುದಾರಿ ಕಾಡಿಗೆ ಇಳಿಯುತ್ತದೆ. ಸೇತುವೆ ದಾಟಿ ಮುಕ್ಕಾಲು ಗಂಟೆ ನಡೆದರೆ ಟಾಂಟಿ ರೋಜ್ ಜಲಪಾತ. ರಜೆ ಕಳೆಯಲೆಂದು ದ್ವೀಪಕ್ಕೆ ಬಂದವರು ಅದನ್ನು ಹುಡುಕಿಕೊಂಡು ಬರುತ್ತಾರೆ. ಅವರಿಗೆ ದಾರಿ ಹೇಳುವವಳು ಅಯಾಂತಿ.

ನಾನೂ ಅವಳೂ ಒಂದೇ ವರ್ಷ ಶಾಲೆಗೆ ಸೇರಿದವರು. ಅವಳು ಐದನೆಯ ತರಗತಿಗೆ ಬಿಟ್ಟಳು. ನಾನು ಓದು ಮುಗಿಸಿ ಅದೇ ಶಾಲೆಗೆ ಮರಳಿ, ಮೂವತ್ತೆಂಟು ವರ್ಷ ಪಾಠ ಹೇಳಿ ನಿವೃತ್ತಳಾದೆ. ಅಂದಿನಿಂದ ನನ್ನ ಬೆಳಗಿನ ಕೋಕೋ ಅವಳ ಮೇಜಿನ ಪಕ್ಕದ ಬೆಂಚಿನ ಮೇಲೆಯೇ. ಆದುದರಿಂದ ಅವಳು ಪ್ರವಾಸಿಗರನ್ನು ನಡೆಸಿಕೊಳ್ಳುತ್ತಿದ್ದ ಬಗೆಯನ್ನು ನನ್ನಷ್ಟು ಹತ್ತಿರದಿಂದ ಕಂಡವರು ಇನ್ನೊಬ್ಬರಿಲ್ಲ.

ಒಮ್ಮೆ ಬಿಸಿಲಿಗೆ ಸುಟ್ಟು ಕೆಂಪಾದ ಮುಖದ ಎತ್ತರದ ಮನುಷ್ಯನೊಬ್ಬ ಬಸ್ಸಿನಿಂದ ಇಳಿದವನೇ, "ಜಲಪಾತ ಎಲ್ಲಿ?" ಎಂದ.

"ಗುಡ್ ಮಾರ್ನಿಂಗ್," ಎಂದಳು ಅಯಾಂತಿ.

"ಹೂಂ. ಜಲಪಾತ?"

"ಗುಡ್ ಮಾರ್ನಿಂಗ್."

ಅವನು ನನ್ನ ಕಡೆ ನೋಡಿದ. ನಾನು ನನ್ನ ಲೋಟದೊಳಕ್ಕೆ ನೋಡಿದೆ.

"ಈಯಮ್ಮನಿಗೆ ಕಿವಿ ಕೇಳಲ್ವಾ?"

"ಕಿವಿ ಚೆನ್ನಾಗೇ ಕೇಳತ್ತಪ್ಪಾ. ಕೇಳಬೇಕಾದ ಮಾತು ಇನ್ನೂ ಬಂದಿಲ್ಲ. ಅಷ್ಟು ದೂರದಿಂದ ವಿಮಾನ ಹತ್ತಿ ಬಂದಿದೀಯ, ಒಂದು ಗುಡ್ ಮಾರ್ನಿಂಗ್ ಇಟ್ಕೊಂಡು ಬರೋಕೆ ಚೀಲದಲ್ಲಿ ಜಾಗ ಇರ್ಲಿಲ್ವಾ?"

ಅವನು ನಕ್ಕು, ಟೋಪಿ ತೆಗೆದು, ನನಗೂ ಸೇರಿಸಿ ಗುಡ್ ಮಾರ್ನಿಂಗ್ ಹೇಳಿದ. ನಮ್ಮಲ್ಲಿ ಅದನ್ನು ಹೇಳದೆ ಮಾತು ಶುರು ಮಾಡುವವನನ್ನು ಕದ ತಟ್ಟದೆ ಒಳಗೆ ನುಗ್ಗಿದವನಂತೆ ಕಾಣುತ್ತಾರೆ. ಹೇಳಿದವನಿಗೆ ಮಾತ್ರ ಅಯಾಂತಿ ತನ್ನ ತಿಳಿವಳಿಕೆಯನ್ನೆಲ್ಲ ಬಡಿಸಿಬಿಡುತ್ತಿದ್ದಳು.

"ಕೂತ್ಕೋ, ಮೊದ್ಲು ಶರಬತ್ತು ಕುಡಿ. ನದಿ ನೀರು ಕೋಕೋ ಬಣ್ಣಕ್ಕೆ ತಿರುಗಿದ್ರೆ ಈಜೋದು ಬಿಟ್ಟು ದಡ ಹತ್ತು. ಮೇಲೆ ಬೆಟ್ಟದಲ್ಲಿ ಮಳೆಯಾಗಿದೆ ಅಂತ ಅರ್ಥ. ಇಲ್ಲಿ ಬಿಸಿಲಿದೆಯಲ್ಲಾ ಅಂತ ನೀರಿನ ಜೊತೆ ವಾದ ಮಾಡ್ತಾ ನಿಲ್ಬೇಡ. ಸಮುದ್ರದ ಕಡೆ ಹೋದ್ರೆ, ಪುಟಾಣಿ ಹಸಿರು ಸೇಬು ಉದುರಿರೋ ಮರ ಇರತ್ತೆ, ಅದರ ಕೆಳಗೆ ಕೂರ್ಬೇಡ, ಮಳೇಲಿ ನಿಲ್ಲಲೇಬೇಡ, ಅದರ ಹಾಲು ತಾಕಿದ್ರೆ ಮೈಯೆಲ್ಲಾ ಬೊಬ್ಬೆ. ದೊಡ್ಡ ಹಡಗು ಬಂದ ದಿನ ಪಟ್ಟಣಕ್ಕೆ ಇಳೀಬೇಡ, ಆವತ್ತು ಉತ್ತರದ ದಂಡೆಗೆ ಹೋಗು. ಶುಕ್ರವಾರ ಸಂಜೆ ಗ್ವಾವ್‌ಗೆ ಹೋಗಿ ಸುಟ್ಟ ಮೀನು ತಿನ್ನು. ಬಸ್ಸಲ್ಲಿ ಇಳಿಯೋ ಜಾಗ ಬಂತು ಅಂತ ಕೂಗಾಡ್ಬೇಡ, ಬಸ್ಸಿನ ಮೈಗೆ ಎರಡು ಸಲ ಗುದ್ದು, ನಿಲ್ಲತ್ತೆ. ಇನ್ನು ನಿನ್ನ ಪ್ಯಾಂಟು."

"ನನ್ನ ಪ್ಯಾಂಟಿಗೇನಾಯ್ತು?"

"ಅದು ಸೈನ್ಯದವರ ಬಟ್ಟೆ. ನಮ್ಮಲ್ಲಿ ಬೇರೆ ಯಾರೂ ಹಾಕೋ ಹಾಗಿಲ್ಲ. ಪೊಲೀಸ್ನೋರು ನೋಡಿದ್ರೆ ಬಿಚ್ಚಿಸ್ಕೊಂಡು ಹೋಗ್ತಾರೆ, ಆಮೇಲೆ ಬರೀ ಕಾಲಲ್ಲಿ ಜಲಪಾತ ನೋಡ್ಬೇಕು."

ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿ ಅವಳ ಗಂಡ ಕತ್ಬರ್ಟನ ನಾಲ್ಕು ಹಳೆಯ ಪ್ಯಾಂಟುಗಳಿದ್ದವು. ಹಸಿರು ಮಚ್ಚೆಯ ಬಟ್ಟೆ ಹಾಕಿಕೊಂಡು ಬಂದವರಿಗೆಲ್ಲ ಅವಳು ಅವನ್ನು ಎರವಲು ಕೊಡುತ್ತಿದ್ದಳು. ಕತ್ಬರ್ಟ್ ಕುಳ್ಳ, ದಪ್ಪ. ಆ ಎತ್ತರದ ಮನುಷ್ಯ ಮೊಣಕಾಲಿನವರೆಗಿನ ಪ್ಯಾಂಟಿಗೆ ಹಗ್ಗ ಕಟ್ಟಿಕೊಂಡು ಕಾಡಿಗೆ ಇಳಿದುದನ್ನು ನೋಡಿ ಅಯಾಂತಿ, "ನೋಡು ಟೀಚರ್, ಕತ್ಬರ್ಟ್ ಕೊನೆಗೂ ಉದ್ದ ಆದ," ಎಂದು ಕಣ್ಣೀರು ಬರುವಂತೆ ನಕ್ಕಳು.

ಕತ್ಬರ್ಟ್ ತೀರಿಕೊಂಡು ಆಗ ಬಹಳ ವರ್ಷವಾಗಿತ್ತು. ಸೇತುವೆಯ ಆಚೆಗೆ ಅವರದು ಎರಡು ಎಕರೆ ಜಾಯಿಕಾಯಿ ತೋಟ. ಅವನ ಅಜ್ಜ ನೆಟ್ಟ ಮರಗಳು. ಐವನ್ ಚಂಡಮಾರುತ ಬಂದ ಸೆಪ್ಟೆಂಬರಿನಲ್ಲಿ ಒಂದೇ ಮಧ್ಯಾಹ್ನ ಅವೆಲ್ಲವೂ ಮಲಗಿದವು. ನಮ್ಮ ಊರಿನಲ್ಲಿ ಐವನ್ ಎಂದರೆ ಮನೆಗೆ ನುಗ್ಗಿ ಹೋದ ಒಬ್ಬ ಮನುಷ್ಯನ ಹೆಸರು ಹೇಳಿದ ಹಾಗೆ. ಜಾಯಿಕಾಯಿ ಗಿಡ ಗಂಡೋ ಹೆಣ್ಣೋ ಎಂದು ತಿಳಿಯುವುದಕ್ಕೇ ಆರೇಳು ವರ್ಷ ಬೇಕು. ಕತ್ಬರ್ಟನಿಗೆ ಆಗ ಅರವತ್ತೊಂದು. ಅವನು ಮತ್ತೆ ನೆಡಲಿಲ್ಲ. ಮರುವರ್ಷ ಹೃದಯ ನಿಂತು ಹೋದ. ಆಮೇಲೆ ಅಯಾಂತಿ ಸೇತುವೆಯನ್ನು ದಾಟಲಿಲ್ಲ. ಯಾರಾದರೂ ಕೇಳಿದರೆ, "ಮಂಡಿ ನೋವು," ಎನ್ನುತ್ತಿದ್ದಳು. ಆ ಮಂಡಿ ಭಾನುವಾರ ಚರ್ಚಿನ ಗುಡ್ಡವನ್ನು ಸಲೀಸಾಗಿ ಹತ್ತುತ್ತಿತ್ತು.

ಹೀಗಾಗಿ ಅವಳು ಜನರಿಗೆ ಹೇಳುತ್ತಿದ್ದ ದಾರಿ ಐವನ್‌ಗಿಂತ ಹಿಂದಿನ ದಾರಿ. ಇದು ಅವಳೊಬ್ಬಳ ತಪ್ಪಲ್ಲ. ನಮ್ಮ ಊರಿನಲ್ಲಿ ಯಾರನ್ನು ಕೇಳಿದರೂ, ಫರ್ಡಿನೆಂಡನ ದೀವಿಹಲಸಿನ ಬಲಕ್ಕೆ ತಿರುಗು, ಜೋಡಿ ಬೂರುಗದ ನಡುವೆ ಹೋಗು ಎಂದೇ ಹೇಳುತ್ತಿದ್ದರು. ಫರ್ಡಿನೆಂಡ್ ನನ್ನ ಬಾಲ್ಯದಲ್ಲಿಯೇ ಸತ್ತವನು; ಮರ ಅವನ ನಂತರವೂ ಬಹುಕಾಲ ಬಾಳಿ ಐವನ್‌ನಲ್ಲಿ ಬಿತ್ತು. ಮರ ಇಲ್ಲವೆಂಬುದು ಎಲ್ಲರಿಗೂ ಗೊತ್ತು. ಅದು ಎಲ್ಲಿತ್ತು ಎಂಬುದೂ ಎಲ್ಲರಿಗೂ ಗೊತ್ತು. ಅದು ಗೊತ್ತಿಲ್ಲದವರೂ ಲೋಕದಲ್ಲಿದ್ದಾರೆಂಬುದು ಮಾತ್ರ ನಮಗೆ ಹೊಳೆದಿರಲಿಲ್ಲ. ಐವನ್ ಬಂದು ಹೋದ ಮೇಲಿನ ಹನ್ನೆರಡು ವರ್ಷ ಹೆಚ್ಚಿನ ಪ್ರವಾಸಿಗರು ಪಟ್ಟಣದ ಗೈಡುಗಳ ಜೊತೆ ಬಂದರು. ತಾವಾಗಿಯೇ ಬಂದವರಿಗೂ ಕಾಲುದಾರಿ ಒಂದೇ ಇದ್ದುದರಿಂದ ತಪ್ಪಲಿಲ್ಲ. ನಾನು ಹೇಳುತ್ತಿರುವ ವರ್ಷದಲ್ಲಿ ಕೋಕೋ ತೋಟದವರು ಸೇತುವೆಯ ಆಚೆ ಹೊಸದಾಗಿ ಎರಡು ದಾರಿ ಕಡಿದಿದ್ದರು.

ಫೆಬ್ರವರಿಯ ಒಂದು ಬುಧವಾರ ಯೋಸ್ಟ್ ಎಂಬ ಹಿರಿಯರೂ ಅವರ ಹೆಂಡತಿ ಹೆಲ್ಲಾ ಎಂಬವರೂ ಬಂದರು, ಹಾಲೆಂಡಿನವರು. ಇಳಿಯುತ್ತಲೇ ಇಬ್ಬರೂ ಗುಡ್ ಮಾರ್ನಿಂಗ್ ಹೇಳಿದ್ದರಿಂದ ಅಯಾಂತಿಗೆ ಮೊದಲ ನೋಟಕ್ಕೇ ಪ್ರೀತಿ ಹುಟ್ಟಿತು. ಎಂದಿಗಿಂತಲೂ ನಿಧಾನವಾಗಿ, ಮರ ಮರವನ್ನೂ ಹೆಸರಿಟ್ಟು ದಾರಿ ಹೇಳಿದಳು. ಯೋಸ್ಟ್ ಅದನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು. ಒಂಬತ್ತಕ್ಕೆ ಹೊರಟವರು ಮಧ್ಯಾಹ್ನ ಒಂದಾದರೂ ಬರಲಿಲ್ಲ. ಎರಡಕ್ಕೆ ಬೆಟ್ಟದ ಮೇಲೆ ಮೋಡ ಕಪ್ಪಿಟ್ಟು ಮಳೆ ಹಿಡಿಯಿತು. ಅಯಾಂತಿ ಮೂರು ಸಲ ಸೇತುವೆಯವರೆಗೆ ಹೋಗಿ, ಮೂರು ಸಲ ತಿರುಗಿ ಬಂದಳು.

ಬಸ್ಸು ಓಡಿಸುವ ಲೀಸ್ಟರ್ ಅಷ್ಟರಲ್ಲಿ ಪಟ್ಟಣದಿಂದ ಬಂದ. ನಮ್ಮಲ್ಲಿ ಬಸ್ಸೆಂದರೆ ವ್ಯಾನೇ; ಅವನು ತನ್ನ ವ್ಯಾನಿನ ಹಣೆಯ ಮೇಲೆ 'ತಾಳ್ಮೆ' ಎಂದು ಬರೆಸಿದ್ದಾನೆ. ಆ ವ್ಯಾನಿನಲ್ಲಿ ಇಲ್ಲದ್ದು ಅದೊಂದೇ. ನಲವತ್ತು ದಾಟಿದವನು, ಮಾತಿಗೆ ನಿಂತರೆ ಅಯಾಂತಿಗೆ ಸರಿಸಾಟಿ. ಊರಿನ ಕಿರಿಯರಂತೆ ಅವನೂ ಅವಳನ್ನು ಟಾಂಟಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ.

"ಏನ್ ಟಾಂಟಿ, ಮುಖ ಹುಳಿ ಶರಬತ್ತಿನ ಹಾಗಿದೆ?"

"ಲೀಸ್ಟರ್, ಆ ಅಜ್ಜ ಅಜ್ಜಿ ಇನ್ನೂ ಬಂದಿಲ್ಲ ಕಣೋ. ಬೇಗ ಹೋಗಿ ನೋಡು. ಬಾಯಿ ಆಮೇಲೆ ಆಡಿಸು."

ಅವನು ವ್ಯಾನಿನ ಸೀಟಿನ ಕೆಳಗಿನಿಂದ ಮಚ್ಚು ತೆಗೆದುಕೊಂಡು, ಇನ್ನಿಬ್ಬರನ್ನು ಕರೆದುಕೊಂಡು ಹೋದ. ನಾಲ್ಕು ಗಂಟೆಗೆ ಅವರನ್ನು ಕರೆತಂದರು. ಜಲಪಾತದ ಕಡೆಗೆ ಇಳಿಯಬೇಕಾದವರು ಕೋಕೋ ತೋಟದ ದಾರಿ ಹಿಡಿದು ಬೆಟ್ಟದ ತಲೆಯವರೆಗೆ ಹತ್ತಿದ್ದರು. ಯೋಸ್ಟರ ಪಾದ ಉಳುಕಿ ಊದಿತ್ತು. ಹೆಲ್ಲಾ ಅವರ ತುಟಿ ಚಳಿಗೆ ನೀಲಿಯಾಗಿತ್ತು.

"ನಾವು ಫರ್ಡಿನೆಂಡರ ದೀವಿಹಲಸಿನ ಮರ ಹುಡುಕ್ತಾ ಇದ್ವಿ," ಎಂದರು ಯೋಸ್ಟ್, ಒದ್ದೆಯಾದ ಪುಸ್ತಕವನ್ನು ತೋರಿಸಿ.

ಸುತ್ತ ನಿಂತ ಗಂಡಸರು ಹೋ ಎಂದು ನಕ್ಕರು. "ಅಯ್ಯೋ ಸ್ವಾಮಿ, ಅದು ಬಿದ್ದು ಹನ್ನೆರಡು ವರ್ಷ ಆಯ್ತು! ಅದರ ಸೌದೇಲಿ ನಾವು ಎಷ್ಟು ಅಡಿಗೆ ಮಾಡಿ ಉಂಡಿದೀವಿ!"

ಯೋಸ್ಟ್ ಕೂಡ ನಕ್ಕರು. ಅಯಾಂತಿ ನಗಲಿಲ್ಲ. ಹೆಲ್ಲಾ ಅವರ ಕೈಗಳನ್ನು ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡು ಉಜ್ಜುತ್ತ, "ಕ್ಷಮಿಸಿ," ಎಂದಳು. ಹೆಲ್ಲಾ ಅವರು, "ನೀವು ಬಹಳ ಚೆನ್ನಾಗಿ ಹೇಳಿದ್ರಿ. ಕಾಡಿಗೆ ನಿಮ್ಮ ಮಾತು ಗೊತ್ತಿರ್ಲಿಲ್ಲ, ಅಷ್ಟೇ," ಎಂದರು. ಆ ಒಳ್ಳೆಯ ಮಾತು ಅವಳಿಗೆ ಬೈಗುಳಕ್ಕಿಂತ ಹೆಚ್ಚು ತಾಗಿತೆಂದು ನನಗೆ ಕಾಣಿಸಿತು.

ಮರುದಿನದಿಂದ ಅಯಾಂತಿ ದಾರಿ ಹೇಳುವುದನ್ನು ನಿಲ್ಲಿಸಿದಳು. ಜನ ಇಳಿದು ಕೇಳಿದರೆ, "ಗೊತ್ತಿಲ್ಲ," ಎನ್ನುವಳು. ಗುಡ್ ಮಾರ್ನಿಂಗ್‌ಗಾಗಿ ಯಾರನ್ನೂ ಪೀಡಿಸಲಿಲ್ಲ. ಗ್ವಾವ್‌ನ ಮೀನಿಲ್ಲ, ಕೋಕೋ ಬಣ್ಣದ ನದಿಯಿಲ್ಲ. ಲೋಟ ತೊಳೆದಳು, ಶರಬತ್ತು ಸುರಿದಳು, ಚಿಲ್ಲರೆ ಕೊಟ್ಟಳು. ಅವಳ ಪಕ್ಕದಲ್ಲಿ ಕೂತು ಕೋಕೋ ಕುಡಿಯುವುದು ನನಗೆ ರಜೆಯ ದಿನ ಶಾಲೆಯೊಳಗೆ ಒಬ್ಬಳೇ ಕೂತ ಹಾಗೆ ಆಯಿತು.

ಎರಡು ವಾರ ಕಳೆದ ಮೇಲೆ ಪ್ರವಾಸೋದ್ಯಮದ ಕಚೇರಿಯಿಂದ ಕೆರ್ಲಿನ್ ಎಂಬ ಹುಡುಗಿ ಬಂದಳು. ದ್ವೀಪದ ಉತ್ತರ ತುದಿಯ ಸೋಟೇರ್ಸ್‌ನವಳು. ನಮ್ಮ ಕಾಡನ್ನು ಎಂದೂ ಕಂಡವಳಲ್ಲ. ಗುಡ್ ಮಾರ್ನಿಂಗ್ ಹೇಳಿ, ಬೆಂಚಿನ ತುದಿಯಲ್ಲಿ ಕೂತು, ಶರಬತ್ತು ಕುಡಿದು ಮುಗಿಸಿಯೇ ವಿಷಯಕ್ಕೆ ಬಂದಳು.

"ಮಿಸ್ ಅಯಾಂತಿ, ಇನ್ಮೇಲೆ ಇಂಥ ಜಾಗಗಳಲ್ಲಿ ದಾರಿ ಹೇಳೋರಿಗೆ ಒಂದು ಬಿಲ್ಲೆ ಕೊಡ್ತೀವಿ. ಅದಕ್ಕೆ ಒಂದು ಪರೀಕ್ಷೆ. ಮೂರು ವಾರ ಬಿಟ್ಟು ಮಂಗಳವಾರ ಬರ್ತೀನಿ. ನೀವು ಇಲ್ಲೇ ಕೂತು ದಾರಿ ಹೇಳಿ, ನಿಮ್ಮ ಮಾತು ಹಿಡ್ಕೊಂಡು ನಾನೊಬ್ಳೇ ಹೋಗ್ತೀನಿ. ಜಲಪಾತ ಮುಟ್ಟಿದ್ರೆ ಬಿಲ್ಲೆ ನಿಮ್ಮದು."

"ಮುಟ್ಟದೇ ಇದ್ರೆ?"

"ಒಂದು ಬೋರ್ಡ್ ನಿಲ್ಲಿಸ್ತೀವಿ. ನೀವು ಶರಬತ್ತು ಮಾರ್ಕೊಂಡು ಇರಬಹುದು, ಅದಕ್ಕೇನೂ ತೊಂದ್ರೆ ಇಲ್ಲ. ಆದ್ರೆ ದಾರಿ ಮಾತ್ರ ಹೇಳೋ ಹಾಗಿಲ್ಲ."

"ಬೋರ್ಡೇ ನಿಲ್ಲಿಸಮ್ಮಾ," ಎಂದಳು ಅಯಾಂತಿ. "ಬೋರ್ಡಿಗೆ ನೆನಪು ಇರಲ್ಲ. ಅದೇ ವಾಸಿ."

ಕೆರ್ಲಿನ್ ನನ್ನ ಮುಖ ನೋಡಿದಳು. "ಮಂಗಳವಾರ ಬರ್ತೀನಿ," ಎಂದಷ್ಟೇ ಹೇಳಿ ಬಸ್ಸು ಹತ್ತಿದಳು.

ನಾನು ಎಷ್ಟೋ ಹೇಳಿ ನೋಡಿದೆ. ಅಯಾಂತಿ ಕೇಳಲಿಲ್ಲ. "ಮೂವತ್ತೊಂದು ವರ್ಷ ಇಲ್ಲಿ ಕೂತು ಏನು ಮಾಡ್ದೆ ನಾನು? ಶರಬತ್ತು ಯಾರ್ ಬೇಕಾದ್ರೂ ಮಾಡ್ತಾರೆ. ನಾನು ದಾರಿ ಹೇಳೋಳು ಅಂತ ಅನ್ಕೊಂಡಿದ್ದೆ ಟೀಚರ್. ಈಗ ನೋಡಿದ್ರೆ ಇಲ್ಲದ ದಾರಿ ಹೇಳ್ತಾ ಇದ್ದೆ," ಎಂದಳು. ಅವಳ ದನಿಯಲ್ಲಿ ಜಗಳವಿರಲಿಲ್ಲ. ಜಗಳವಿದ್ದಿದ್ದರೆ ನಾನು ಗೆಲ್ಲುತ್ತಿದ್ದೆ.

ಅವಳನ್ನು ಎಬ್ಬಿಸಿದವನು ಲೀಸ್ಟರ್, ಅದೂ ತಿಳಿಯದೆ. ಆ ಶನಿವಾರ ಅವನ ಬಸ್ಸಿನಿಂದ ಗಂಡ ಹೆಂಡತಿ ಪುಟ್ಟ ಮಗುವೊಂದನ್ನು ಎತ್ತಿಕೊಂಡು ಇಳಿದರು. ಅಯಾಂತಿ ಎಂದಿನಂತೆ ಗೊತ್ತಿಲ್ಲವೆಂದಳು. ಲೀಸ್ಟರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ತುಂಬಾ ಸುಲಭ! ಸೇತುವೆ ದಾಟಿ ಫರ್ಡಿನೆಂಡನ ದೀವಿಹಲಸಿನ ಬಲಕ್ಕೆ..." ಎಂದು ಶುರು ಮಾಡಿದ.

ಅಯಾಂತಿಯ ಕೈಯಿಂದ ಸೌಟು ಮೇಜಿನ ಮೇಲೆ ಬಿತ್ತು.

"ಮುಚ್ಚೋ ಬಾಯಿ! ಮೊನ್ನೆ ಮಚ್ಚು ಹಿಡ್ಕೊಂಡು ಹುಡುಕಕ್ಕೆ ಹೋದೋನು ನೀನೇ ಅಲ್ವೇನೋ? ಆ ಮಗೂನ ಬೆಟ್ಟದ ಮೇಲೆ ಕಳಿಸ್ತೀಯಾ?"

ಲೀಸ್ಟರ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. "ಅಯ್ಯೋ ದೇವ್ರೆ. ನಾಲಿಗೆಗೆ ತಾನಾಗೇ ಬಂದ್ಬಿಡತ್ತೆ ಟಾಂಟಿ."

ಅಯಾಂತಿ ಆ ದಂಪತಿಗಳನ್ನು ಮುಂದಿನ ಬಸ್ಸಿನಲ್ಲಿ ಸಮುದ್ರಕ್ಕೆ ಕಳಿಸಿದಳು. ಬಹಳ ಹೊತ್ತು ಮೇಜು ಒರೆಸಿದಳು. ಆಮೇಲೆ, "ನಾಳೆ ಚರ್ಚ್ ಮುಗಿದ ಮೇಲೆ ಏನ್ ಕೆಲಸ ಇದೆ ನಿನಗೆ?" ಎಂದು ನನ್ನನ್ನು ಕೇಳಿದಳು.

"ಏನಿಲ್ಲ."

"ಹಳೇ ಶೂ ಹಾಕ್ಕೊಂಡು ಬಾ."

ಭಾನುವಾರ ನಾವಿಬ್ಬರೂ ಸೇತುವೆಯ ಈಚೆ ನಿಂತೆವು. ಅವಳು ಕಂಬಿಯನ್ನು ಹಿಡಿದು ನಿಂತಳೇ ಹೊರತು ಹೆಜ್ಜೆ ಇಡಲಿಲ್ಲ. ಕೊನೆಗೆ ಅವಳೇ, "ನೀನು ಮುಂದೆ ಹೋಗು. ನಿನ್ನ ಬೆನ್ನು ನೋಡ್ಕೊಂಡು ಬರ್ತೀನಿ. ಅಗಲವಾಗಿದೆ, ಏನೂ ಕಾಣಿಸಲ್ಲ," ಎಂದಳು. ಹಾಗೆ ದಾಟಿದೆವು.

ಫರ್ಡಿನೆಂಡನ ದೀವಿಹಲಸಿದ್ದ ಕಡೆ ಬಳ್ಳಿಗಳ ಒಂದು ಗುಪ್ಪೆ ಇತ್ತು. ಜೋಡಿ ಬೂರುಗದ ಕಡೆ ಬರಿಯ ಆಕಾಶ. ಒಂದೊಂದು ಕಡೆಯೂ ಅವಳು ನಿಂತು, ಇದ್ದ ಮರದ ಎತ್ತರಕ್ಕೆ ಕತ್ತೆತ್ತಿ ನೋಡಿ, ತಲೆ ತಗ್ಗಿಸಿ ಮುಂದೆ ನಡೆದಳು. ಅವರ ತೋಟದ ಮೂಲೆಗೆ ಬಂದಾಗ ನನ್ನ ತೋಳನ್ನು ಹಿಡಿದುಕೊಂಡಳು. ಬಿದ್ದ ಕಾಂಡಗಳು ಕೊಳೆತ ಪಾಳು ನೆಲವನ್ನು ನೋಡಲು ಮನಸ್ಸನ್ನು ಗಟ್ಟಿ ಮಾಡಿಕೊಂಡು ಬಂದಿದ್ದಳು. ಪಾಳು ಇರಲಿಲ್ಲ. ಎರಡು ಎಕರೆಯ ಕೆಳಬದಿಯಲ್ಲಿ ಆಳೆತ್ತರದ ಕೆಸು ಸಾಲುಸಾಲಾಗಿ ನಿಂತಿತ್ತು. ಕಳೆ ಕಿತ್ತ ನೆಲ, ಬದುವಿನ ಗುಂಟ ಕಾಲುವೆ. ಪ್ರತಿ ಸಾಲಿನ ತುದಿಗೂ ಒಂದು ಗೂಟ, ಗೂಟಕ್ಕೆ ಬಸ್ಸಿನ ಸೀಟಿನ ಹಳದಿ ಬಟ್ಟೆಯ ಚೂರು.

"ಇದು 'ತಾಳ್ಮೆ'ಯ ಸೀಟಿನ ಬಟ್ಟೆ," ಎಂದಳು ಅಯಾಂತಿ ನಿಧಾನವಾಗಿ.

ಶನಿವಾರ ಬೆಳಗ್ಗೆ ಅವಳ ಬಾಗಿಲಿನಲ್ಲಿ ಎರಡು ಕೆಸುವಿನ ಗೆಡ್ಡೆ, ಒಂದು ಕಟ್ಟು ಎಲೆ ಇರುವುದು ಎಷ್ಟೋ ವರ್ಷದ ರೂಢಿ. ಒಂಟಿ ಹೆಂಗಸರಿಗೆ ಚರ್ಚಿನವರು ಇಟ್ಟು ಹೋಗುತ್ತಾರೆಂದು ಅವಳ ನಂಬಿಕೆ.

"ಫಾದರ್‌ಗೆ ಪ್ರತಿ ವಾರ ಥ್ಯಾಂಕ್ಸ್ ಹೇಳ್ತಾ ಇದೀನಲ್ಲೇ ಟೀಚರ್! ಒಂದು ದಿನಾನಾದ್ರೂ ನಾನಲ್ಲಮ್ಮ ಅಂದಿದಾರಾ ಆ ಮನುಷ್ಯ?"

ನಾವು ಕೆಸುವಿನ ನಡುವೆ ನಿಂತು ನಕ್ಕೆವು. ನಗುತ್ತಲೇ ಅವಳು ಕೂತಳು, ಕೂತು ಅತ್ತಳು. ಬಹಳ ಹೊತ್ತೇನೂ ಇಲ್ಲ. ಮೂಗು ಒರೆಸಿಕೊಂಡು ಎದ್ದು, "ಸಾಲು ಸೊಟ್ಟ. ಡ್ರೈವರ್ ಬುದ್ಧಿ," ಎಂದಳು.

ಅಲ್ಲಿಂದ ಮುಂದೆ ಅವಳು ನಡೆದ ರೀತಿಯೇ ಬೇರೆಯಾಯಿತು. ಮರಗಳ ಕಡೆ ನೋಡುವುದನ್ನು ಬಿಟ್ಟಳು. "ಮರ ಬೇಡ. ಇನ್ನೊಬ್ಬ ಐವನ್ ಬಂದ್ರೆ ಮತ್ತೆ ಇದೇ ಕಥೆ. ಬಿದ್ದು ಹೋಗದೇ ಇರೋದನ್ನ ಹುಡುಕೋಣ," ಎಂದು ಬಂಡೆಗಳನ್ನು ತಟ್ಟಿದಳು, ಮಣ್ಣನ್ನು ಬೆರಳಲ್ಲಿ ತಿಕ್ಕಿದಳು, ದಾರಿ ಒಡೆಯುವಲ್ಲಿ ಕಣ್ಣು ಮುಚ್ಚಿ ಕಿವಿಗೊಟ್ಟಳು. ಆ ಮೂರು ವಾರಗಳಲ್ಲಿ ಐದು ಸಲ ಜಲಪಾತಕ್ಕೆ ಹೋಗಿ ಬಂದೆವು. ಉಳಿದ ದಿನ ಬೆಂಚಿನ ಮೇಲೆ ಪಾಠ. ಅವಳು ದಾರಿ ಒಪ್ಪಿಸುವಳು. ನಡುವೆ ಇಲ್ಲದ ಮರ ನುಸುಳಿದರೆ ನಾನು ಕೋಲಿನಿಂದ ಬೆಂಚು ಕುಟ್ಟುವೆನು.

"ಇನ್ನೊಂದ್ಸಲ ಕುಟ್ಟಿದ್ರೆ ಆ ಕೋಲು ಒಲೆಗೆ ಹಾಕ್ತೀನಿ," ಎನ್ನುವಳು. ಆದರೆ ಮೊದಲಿಂದ ಶುರು ಮಾಡುವಳು.

ಲೀಸ್ಟರನಿಗೆ ಅವಳು ಒಂದೇ ಮಾತು ಹೇಳಿದಳು: "ನಿನ್ನ ಕೆಸುವಿಗೆ ನೀರು ಜಾಸ್ತಿ ಆಯ್ತು ಕಣೋ. ಗೆಡ್ಡೆ ಸಪ್ಪೆ."

"ಯಾವ ಕೆಸು ಟಾಂಟಿ? ನಾನು ಬಸ್ ಓಡಿಸೋನು," ಎಂದು ಅವನು ಹಾರ್ನ್ ಬಾರಿಸಿಕೊಂಡು ಹೋದ. ಮಾರನೆಯ ಶನಿವಾರದ ಗೆಡ್ಡೆ ಚೆನ್ನಾಗಿತ್ತಂತೆ.

ಮಂಗಳವಾರ ಕೆರ್ಲಿನ್ ಬಂದಳು. ಬೆಟ್ಟದ ಮೇಲೆ ಮೋಡವಿರಲಿಲ್ಲ. ಊರಿನ ಹತ್ತು ಹನ್ನೆರಡು ಜನ ಸೇರಿದ್ದರು. ಯಾರೂ ಬಾಯಿ ಹಾಕಬಾರದೆಂದು ಕೆರ್ಲಿನ್ ಮೊದಲೇ ತಾಕೀತು ಮಾಡಿದಳು. ಅಯಾಂತಿ ಚರ್ಚಿನ ಟೋಪಿ ಹಾಕಿಕೊಂಡು, ಕೈಗಳನ್ನು ಮಡಿಲಿನಲ್ಲಿ ಇಟ್ಟುಕೊಂಡು ಶುರು ಮಾಡಿದಳು.

"ಸೇತುವೆ ದಾಟು. ನದಿ ಸದ್ದು ಎಡಗಿವಿಯಲ್ಲೇ ಇರ್ಲಿ. ದಾರಿ ಮೂರಾಗೋ ಕಡೆ ನಿಂತು ಕಣ್ಣು ಮುಚ್ಕೋ. ಯಾವ ಕಡೆಯಿಂದ ತಣ್ಣಗೆ ಗಾಳಿ ಬಂದು ಮುಖಕ್ಕೆ ತಾಗತ್ತೋ ಆ ದಾರಿ ಹಿಡಿ. ಕಾಲಡಿ ಕೆಂಪು ಮಣ್ಣು ಮುಗಿದು ಕಪ್ಪು ಮಣ್ಣು ಬಂದ್ರೆ ಸರಿಯಾಗಿ ಹೋಗ್ತಾ ಇದೀಯ ಅಂತ. ಕೆಂಪೇ ಇದ್ರೆ ವಾಪಸ್ ಬಾ. ಮಲಗಿರೋ ಹಸು ಥರಾ ಒಂದು ಬಂಡೆ ಸಿಗತ್ತೆ. ಅದರ ಬೆನ್ನಿನ ಕಡೆಯಿಂದ ಹೋಗು, ಮೂತಿ ಕಡೆ ಜಾರತ್ತೆ. ಹಸು ದಾಟಿ ಕತ್ಬರ್ಟ್ ಕೂರ್ತಿದ್ದ ಕಲ್ಲಿನ ಹತ್ರ ಕೆಳಗಿಳಿ. ಅಲ್ಲಿಂದ ನಾನು ಹೇಳೋದು ಏನೂ ಇಲ್ಲ, ನೀರೇ ಕರಿಯತ್ತೆ."

ನನ್ನ ಕೋಲು ಅರ್ಧ ಮೇಲಕ್ಕೆ ಎದ್ದಿತ್ತು. ಹಾಗೆಯೇ ಕೆಳಗಿಳಿಸಿದೆ. ಪರೀಕ್ಷೆಗೆ ಕೂತವರಿಗೆ ಸನ್ನೆ ಮಾಡಬಾರದೆಂದು ಮೂವತ್ತೆಂಟು ವರ್ಷ ಬೇರೆಯವರಿಗೆ ಹೇಳಿದವಳು ನಾನು. ಕೆರ್ಲಿನ್ ಎಲ್ಲವನ್ನೂ ಬರೆದುಕೊಂಡು, ಗಡಿಯಾರ ನೋಡಿ, ಕಾಡಿಗೆ ಇಳಿದಳು.

ಅಯಾಂತಿ ನೀರು ಕುಡಿದು, ಉಸಿರು ಬಿಟ್ಟು ನನ್ನ ಕಡೆ ತಿರುಗಿದಳು. "ಏನೇ ಟೀಚರ್, ಮುಖ ಯಾಕೆ ಹಾಗಿದೆ? ಮರ ಏನಾದ್ರೂ ಬಂತಾ?"

"ಮರ ಬರ್ಲಿಲ್ಲ."

"ಮತ್ತೆ?"

"ಕತ್ಬರ್ಟ್ ಬಂದ."

ಅವಳ ಕೈ ಬಾಯಿಯ ಮೇಲೆ ಹೋಯಿತು. ಕತ್ಬರ್ಟ್ ಯಾವ ಕಲ್ಲಿನ ಮೇಲೆ ಕೂರುತ್ತಿದ್ದನೆಂಬುದು ನಮಗೆ ಎಷ್ಟು ಸಹಜವಾಗಿ ಗೊತ್ತಿತ್ತೆಂದರೆ, ಐದು ಸಲ ಹೋಗಿ ಬಂದಾಗಲೂ, ಅಷ್ಟು ದಿನ ಪಾಠ ಒಪ್ಪಿಸುವಾಗಲೂ ಆ ಮಾತು ಅವಳ ಬಾಯಿಯಲ್ಲಿ ಬಂದಿತ್ತು, ನನ್ನ ಕಿವಿಯೂ ಕೇಳಿತ್ತು. ಆ ಹೆಸರಿಗೆ ಕೋಲು ಒಂದು ಸಲವೂ ಬೆಂಚನ್ನು ಕುಟ್ಟಿರಲಿಲ್ಲ.

"ಟಾಂಟಿ, ನಾನು ಅಡ್ಡದಾರೀಲಿ ಓಡಿಹೋಗಿ ಆ ಕಲ್ಲಿನ ಮೇಲೆ ಕೂತಿರ್ಲಾ?" ಎಂದ ಲೀಸ್ಟರ್. ಅವನು ತಮಾಷೆ ಮಾಡುತ್ತಿರಲಿಲ್ಲ.

"ಕೂತ್ಕೋ ಸುಮ್ನೆ. ಹೇಳಿದ್ದು ಹೇಳಿ ಆಯ್ತು."

ಮುಕ್ಕಾಲು ಗಂಟೆ ಹೋಗಲು, ಮುಕ್ಕಾಲು ಗಂಟೆ ಬರಲು. ಒಂದೂವರೆ ಗಂಟೆ ಕಳೆಯಿತು. ಅಯಾಂತಿ ಟೋಪಿಯನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಎರಡು ಗಂಟೆಯಾಗುತ್ತ ಬಂದಾಗ ಅವಳು ಯಾರಿಗೂ ಅಲ್ಲವೆಂಬಂತೆ, "ನಲವತ್ತು ವರ್ಷ ನನ್ನ ಜೊತೆ ಇದ್ದ. ಮರ ಆದ್ರೆ ತೆಗೆದು ಹಾಕಬಹುದು," ಎಂದಳು.

ಅಷ್ಟರಲ್ಲಿ ಸೇತುವೆಯ ಕಡೆಯಿಂದ ಕೆರ್ಲಿನ್ ಬರುವುದು ಕಾಣಿಸಿತು. ತಲೆಯಿಂದ ನೀರು ಸೋರುತ್ತಿತ್ತು. ಶೂಗಳು ಕೈಯಲ್ಲಿದ್ದವು. ಜಲಪಾತದ ಕೆಳಗೆ ನಿಲ್ಲದವರ ಕೂದಲು ಹಾಗೆ ಒದ್ದೆಯಾಗುವುದಿಲ್ಲ. ಆದರೂ ನಮಗೆ ಅದನ್ನು ಅವಳ ಬಾಯಿಯಿಂದಲೇ ಕೇಳಬೇಕಿತ್ತು.

"ಮುಟ್ಟಿದೆ," ಎಂದಳು ಕೆರ್ಲಿನ್. "ಆದ್ರೆ ಒಂದು ಕಡೆ ತಡ ಆಯ್ತು. ಮಿಸ್ ಅಯಾಂತಿ, ಕತ್ಬರ್ಟ್ ಅಂದ್ರೆ ಯಾರು?"

"ನಮ್ಮ ಯಜಮಾನ್ರು. ತೀರ್ಕೊಂಡು ಹನ್ನೊಂದು ವರ್ಷ ಆಯ್ತಮ್ಮಾ. ತಪ್ಪಾಯ್ತು. ಬಾಯಿಗೆ ಬಂದ್ಬಿಡ್ತು."

ಕೆರ್ಲಿನ್ ಬೆಂಚಿನ ಮೇಲೆ ಕೂತು ಕಾಲನ್ನು ಒರೆಸಿಕೊಂಡಳು. "ಹಸು ದಾಟಿದ್ರೆ ಇಪ್ಪತ್ತು ಕಲ್ಲಿವೆ ಅಲ್ಲಿ. ವಾಪಸ್ ಬಂದ್ಬಿಡೋಣ ಅನ್ಕೊಂಡೆ. ಆಮೇಲೆ, ಕೂರ್ತಿದ್ರು ಅಂದ್ರಲ್ಲ, ನಾನೂ ಕೂತೇ ನೋಡೋಣ ಅಂತ ಒಂದೊಂದರ ಮೇಲೂ ಕೂತೆ. ಒಂದು ತೀರಾ ಚೂಪು, ಒಂದು ಅಲ್ಲಾಡತ್ತೆ. ಒಂದರ ಮೇಲೆ ಮಾತ್ರ ಬೆನ್ನಿಗೆ ಒರಗೋಕೆ ಆಸರೆ, ಪಕ್ಕದಲ್ಲಿ ಹೊರೆ ಇಳಿಸೋಕೆ ಚಪ್ಪಟೆ ಜಾಗ. ಗಾಳಿ ಬೇರೆ ಅಷ್ಟು ಚೆನ್ನಾಗಿ ಬರ್ತಾ ಇತ್ತು. ದಣಿದ ಮನುಷ್ಯ ಇಲ್ಲಿ ಅಲ್ದೇ ಇನ್ನೆಲ್ಲಿ ಕೂರ್ತಾನೆ ಅನ್ನಿಸ್ತು. ಅಲ್ಲಿಂದ ತಲೆ ಎತ್ತಿದ್ರೆ ಎದುರಿಗೇ ಕೆಳಗಿಳಿಯೋ ದಾರಿ."

ಲೀಸ್ಟರ್ ತನ್ನ ವ್ಯಾನಿನ ಗಾಜನ್ನು ಒರೆಸತೊಡಗಿದ. ಕೆರ್ಲಿನ್ ಚೀಲದಿಂದ ಹಿತ್ತಾಳೆಯ ಬಿಲ್ಲೆಯನ್ನು ತೆಗೆದು ಅಯಾಂತಿಯ ಅಂಗಿಯ ಎದೆಗೆ ಸಿಕ್ಕಿಸಿದಳು. ಆಮೇಲೆ ತಾನು ಬರೆದುಕೊಂಡಿದ್ದ ಹಾಳೆಯನ್ನು ಮೇಜಿನ ಮೇಲೆ ಹರಡಿದಳು.

"ನೀವು ಹೇಳಿದ್ದನ್ನ ಅಚ್ಚು ಹಾಕಿಸಿ, ದ್ವೀಪಕ್ಕೆ ಬರೋರ ಕೈಗೆ ಕೊಡ್ತೀವಿ. ಈ ಒಂದು ಸಾಲು ಏನು ಮಾಡ್ಲಿ ಹೇಳಿ. ನನಗೇನೋ ಹಾಗೇ ಇರ್ಲಿ ಅನ್ಸತ್ತೆ."

ಅಯಾಂತಿ ಹಾಳೆಯ ಮೇಲೆ ಬಾಗಿ, ಆ ಹೆಸರಿದ್ದ ಕಡೆ ಬೆರಳಿಟ್ಟಳು. ಆ ದಿನ ಹೆಲ್ಲಾ ಅವರ ಕೈ ಉಜ್ಜುವಾಗ ಅವಳ ಮುಖದಲ್ಲಿ ಕಂಡದ್ದೇ ಮತ್ತೆ ಒಂದು ಸಲ ಬಂದು ಹೋಯಿತು.

"ತೆಗಿ," ಎಂದಳು. "ಬರೋರಿಗೆ ಅವನು ಗೊತ್ತಿಲ್ಲ. ಅವನನ್ನ ಹುಡುಕ್ಕೊಂಡು ಮಳೇಲಿ ನಿಂತ್ಬಿಟ್ರೆ?"

"ಹಾಗಾದ್ರೆ ಏನಂತ ಬರೀಲಿ?"

"ಬೆನ್ನು ಒರಗಿಸಿ ಕೂರೋಕೆ ಒಂದು ಕಲ್ಲಿದೆ, ಅಲ್ಲಿ ದಣಿವಾರಿಸ್ಕೊಂಡು ಕೆಳಗಿಳೀರಿ ಅಂತ ಬರಿ." ಕೆರ್ಲಿನ್ ಬರೆದು ಮುಗಿಸುವಷ್ಟರಲ್ಲಿ ಅವಳಿಗೆ ಇನ್ನೇನೋ ನೆನಪಾಯಿತು. "ಬೆಳಗ್ಗೆ ಹೊತ್ತು ಇಬ್ಬನಿ ಇರತ್ತೆ ಅದರ ಮೇಲೆ. ಒರೆಸ್ಕೊಂಡು ಕೂರಿ ಅಂತಾನೂ ಸೇರಿಸು."